ಬೆನ್ನಿಗೆ ಹಚ್ಚುವ ಎಣ್ಣೆ

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಗಿರಿಜಾಂಬೆ. ಅವರಿಗೆ ಯಾರು ಹೇಳಿದರೆಂದು ಕೇಳಿದರೆ ಪ್ರತಿ ಸಲ ಬೇರೆ ಹೆಸರು ಬರುತ್ತಿತ್ತು.

ಒಬ್ಬ ಶಿಷ್ಯ ಕೇಳಿದ: "ಗುರುಗಳೇ, ಮುಪ್ಪಿನಲ್ಲೂ ಮೈ ಗಟ್ಟಿಯಾಗಿರಬೇಕಾದರೆ ಏನು ತಿನ್ನಬೇಕು?" ಅವನ ಮೀಸೆ ಆಗಿನ್ನೂ ಕಪ್ಪು.

ಗುರುಗಳು ಹೇಳಿದರು:

ಒಬ್ಬ ಮುದಿ ನೇಕಾರನಿದ್ದ. ಕೈ ಚುರುಕು, ನಾಲಿಗೆ ಇನ್ನೂ ಚುರುಕು. ನೂಲಿಗೆ ಬಣ್ಣ ಹಾಕುವ ಪಕ್ಕದ ಮನೆಯ ಬಣ್ಣಗಾರನಿಗೆ ಒಮ್ಮೆ, "ನಿನ್ನ ಕೆಂಪು ಕೆಂಪೇ ಅಲ್ಲ" ಎಂದುಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೀಗೆ ಒಬ್ಬೊಬ್ಬರನ್ನೇ ಕಳೆದುಕೊಂಡು, ಕೊನೆಗೆ ಅವನಿಗೆ ಉಳಿದದ್ದು ಮಗ್ಗವೊಂದೇ. ಒಂದು ಚಳಿಗಾಲ ಬೆನ್ನು ಹಿಡಿದುಕೊಂಡಿತು. ಮಗ್ಗದ ಮುಂದೆ ಕೂರಲಾಗಲಿಲ್ಲ. ಅರ್ಧ ನೇಯ್ದ ಸೀರೆ ಹಾಗೇ ನಿಂತಿತು.

ವೈದ್ಯ ಒಂದು ಕುಡಿಕೆ ಎಣ್ಣೆ ಕೊಟ್ಟ. ಬೆನ್ನಿನ ನಡುವೆ ಹಚ್ಚಿ, ಅಂಗೈ ಬಿಸಿಯಾಗುವವರೆಗೆ ತಿಕ್ಕಬೇಕು. ಆಮೇಲೆ ಬೀದಿಯ ಕೊನೆಯವರೆಗೆ ನಡೆಯಬೇಕು ಎಂದ.

ಕೈ ಅಲ್ಲಿಗೆ ಎಟುಕಲಿಲ್ಲ. ನೇಕಾರ ಯಾರನ್ನೂ ಕೇಳುವವನಲ್ಲ. ಮಗ್ಗದ ಕಂಬಕ್ಕೆ ಎಣ್ಣೆ ಬಳಿದು ಎಮ್ಮೆಯ ಹಾಗೆ ಬೆನ್ನು ಉಜ್ಜಿದ. ಕಂಬ ಮಿರಮಿರ ಮಿಂಚಿತು. ಬೆನ್ನು ಇದ್ದ ಹಾಗೇ ಇತ್ತು. ಎಣ್ಣೆ ಅರ್ಧ ಮುಗಿದಾಗ, ಕುಡಿಕೆ ಹಿಡಿದು ಬಣ್ಣಗಾರನ ಬಾಗಿಲಿಗೆ ಹೋದ.

"ಏನಯ್ಯಾ, ಬೆನ್ನು ಬಗ್ಗಿದ ಮೇಲೆ ನಮ್ಮ ಮನೆ ಕಾಣಿಸಿತೇ?"

"ಬಗ್ಗಿದವನಿಗೆ ಹೊಸ್ತಿಲಲ್ಲದೆ ಇನ್ನೇನು ಕಂಡೀತು? ಮಾತು ಸಾಕು, ಹಚ್ಚು ಮಾರಾಯ."

ಬಣ್ಣಗಾರ ತಿಕ್ಕಿದ. ಅವನ ಅಂಗೈಯ ಬಣ್ಣ ಬೆನ್ನಿಗೆ ಹತ್ತಿತು. ಹೊಳೆಗೆ ಹೋಗಿ ಎಷ್ಟು ಮಿಂದರೂ ಬಿಡಲಿಲ್ಲ. ಹೊಳೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನೇಕಾರನೂ ನಕ್ಕು ಒಪ್ಪಿಕೊಂಡ: ಕೆಂಪು ಕೆಂಪೇ.

ಮರುದಿನ ನೇಕಾರ ಬಣ್ಣಗಾರನ ಮಂಡಿಗೆ ಎಣ್ಣೆ ಹಚ್ಚಿದ. ಇಬ್ಬರೂ ಬೈದಾಡುತ್ತಾ ನಡೆದರು. ದಿನ ಕಳೆದಂತೆ ಜಗುಲಿಗಳಿಂದ ಮುದುಕರು, ಮುದುಕಿಯರು ಇಳಿದು ಜೊತೆಯಾದರು. ಯಾರಾದರೂ ಬರದಿದ್ದರೆ ಉಳಿದವರು ಹೋಗಿ ಬಾಗಿಲು ಬಡಿದರು. ಗಂಜಿ ಕುಡಿಯದವರಿಗೆ ಗದರಿ ಕುಡಿಸಿದರು. ಯುಗಾದಿಯ ಹೊತ್ತಿಗೆ ಸೀರೆ ಮಗ್ಗದಿಂದ ಇಳಿಯಿತು. ಸೆರಗು ಕಡುಗೆಂಪು.

ನೇಕಾರ ವೈದ್ಯನ ಮನೆಗೆ ನೆಟ್ಟಗೆ ನಡೆದುಹೋಗಿ ಇನ್ನೊಂದು ಕುಡಿಕೆ ಕೇಳಿದ. ವೈದ್ಯ ಹೇಳಿದ: "ಅದು ದೀಪಕ್ಕೆ ಹಾಕುವ ಎಳ್ಳೆಣ್ಣೆ. ನಿನ್ನ ಮನೆಯಲ್ಲೇ ಇದೆಯಲ್ಲ."

ಶಿಷ್ಯ ತಲೆ ಕೆರೆದುಕೊಂಡ. "ಹಾಗಾದರೆ ಗುಣವಾದದ್ದು ಯಾವುದರಿಂದ?"

ಗುರುಗಳು ಶಾಲು ಸರಿಸಿ, ಬೆನ್ನು ತಿರುಗಿಸಿ ಕುಳಿತರು.

"ಆ ಕುಡಿಕೆ ತಗೋ, ನಿನ್ನ ಕೈ ಬಿಸಿಯಾದ ಮೇಲೆ ಹೇಳುತ್ತೇನೆ."

ಶಿಷ್ಯ ಅಂಗೈಗೆ ಎಣ್ಣೆ ಸುರಿದುಕೊಂಡು ತಿಕ್ಕತೊಡಗಿದ.

ಅತ್ತೆ ಇದನ್ನು ಹೇಳಿದ್ದು ನನ್ನ ಕೈಗೆ ಎಣ್ಣೆ ಬಟ್ಟಲು ಕೊಟ್ಟ ಮೇಲೆಯೇ. ನೀವೂ ಯಾರಿಗಾದರೂ ಹೇಳಿ. ಬಟ್ಟಲು ಮಾತ್ರ ಮರೆಯಬೇಡಿ.