ನೀರು ದೂರವಿದ್ದ ಹೊತ್ತು

“ಅಯ್ಯನವರೇ, ಒಳಗಿನಿಂದ ಒಂದು ಪ್ರೇರಣೆ ಬರುತ್ತದೆ. ಅದು ದೇವರದ್ದೋ, ನನ್ನ ಮನಸ್ಸಿನದ್ದೋ ಎಂದು ಪರದೇಶದಲ್ಲಿ ಹೇಗೆ ತಿಳಿದುಕೊಳ್ಳಲಿ?”

ಕೇಳಿದವನು ಸುಕುಮಾರ. ಬರುವ ಸೋಮವಾರ ಅವನು ಸುವಾರ್ತೆಯ ಸೇವೆಗೆಂದು ಕಡಲಾಚೆಯ ದೇಶಕ್ಕೆ ಹೊರಡುವವನಿದ್ದ. ಕೇಳಿಸಿಕೊಂಡವರು ತಿಯೋಫಿಲ ಅಯ್ಯನವರು. ಬೋಧಕರಾಗುವ ಹುಡುಗರಿಗೆ ಮೂವತ್ತು ವರ್ಷ ಪಾಠ ಹೇಳಿದವರು. ಮುರಿದ ಕನ್ನಡಕದ ಕಡ್ಡಿಗೆ ದಾರ ಸುತ್ತುತ್ತ ಕೂತಿದ್ದ ಅವರು ತಲೆ ಎತ್ತಲಿಲ್ಲ.

“ಕೂತುಕೋ. ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಒಂದು ಕತೆ ಇದೆ,” ಎಂದು ಹೇಳತೊಡಗಿದರು.

ಒಬ್ಬ ಬೋಧಕನಿದ್ದ. ನಮ್ಮ ಕಡೆಯವನೇ. ಸೇವೆಗೆಂದು ದೂರದ ಒಂದು ದೇಶಕ್ಕೆ ಹೋದ. ಅಲ್ಲಿ ಸಮುದ್ರ ದಿನಕ್ಕೆರಡು ಸಲ ಹಿಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಎಂದರೆ ನಮ್ಮಲ್ಲಿಯ ಹಾಗೆ ನಾಲ್ಕು ಮಾರಲ್ಲ. ಕಣ್ಣಿಗೆ ಕಾಣದಷ್ಟು ದೂರ. ಉಳಿಯುವುದು ಬರೀ ಕೆಸರಿನ ಬಯಲು. ಆ ಬಯಲಿನ ಆಚೆಗೆ ಒಂದು ನಡುಗಡ್ಡೆ, ಅದರ ಮೇಲೆ ಹತ್ತಾರು ಗುಡಿಸಲು. ನೀರು ದೂರವಿರುವಾಗ ಜನ ನಡೆದು ದಾಟುತ್ತಾರೆ. ನೀರು ತಿರುಗಿದರೆ ದಡದಲ್ಲೇ ಕೂರುತ್ತಾರೆ.

ಆ ಜನರಲ್ಲಿ ಒಂದು ಮರ್ಯಾದೆಯಿತ್ತು. ಅತಿಥಿಯ ಮುಂದೆ ನಡೆಯಬಾರದು. ಅವನು ಕೇಳದೆ ಅವನಿಗೆ ಏನನ್ನೂ ತಿಳಿಹೇಳಬಾರದು. ಹೇಳಿದರೆ ‘ನಿನಗೆ ಇಷ್ಟೂ ಗೊತ್ತಿಲ್ಲವೇ’ ಎಂದು ಮುಖದ ಮೇಲೆ ಆಡಿದ ಹಾಗೆ. ಬೋಧಕ ಅಲ್ಲಿಗೆ ಹೋಗಿ ಎರಡು ವರ್ಷ ಕಳೆದಿತ್ತು. ಈ ಮರ್ಯಾದೆ ಮಾತ್ರ ಅವನಿಗೆ ತಿಳಿದಿರಲಿಲ್ಲ. ಯಾರೂ ತಿಳಿಸಿರಲಿಲ್ಲ, ಅವನು ಕೇಳಿದ್ದರಲ್ಲವೇ?

ಅವನು ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಪ್ರತಿಯೊಂದಕ್ಕೂ ಮೊಣಕಾಲೂರುತ್ತಿದ್ದ. ಎದೆಯೊಳಗೆ ಪ್ರೇರಣೆ ಬಂದಮೇಲೆಯೇ ಎದ್ದು ನಿಲ್ಲುತ್ತಿದ್ದ. ‘ಪ್ರಾರ್ಥನಾಲಯ ಇಲ್ಲಿ ಕಟ್ಟೋಣ, ನನಗೆ ಹಾಗೆ ಪ್ರೇರಣೆಯಾಗಿದೆ’ ಎಂದ. ಜನ ‘ಆಗಲಿ ಅಯ್ಯಾ’ ಎಂದು ಕಟ್ಟಿದರು. ಮುಂದಿನ ಹುಣ್ಣಿಮೆಯ ಉಬ್ಬರಕ್ಕೆ ಬೆಂಚುಗಳೆಲ್ಲ ತೇಲಿದವು. ಜನ ಒಂದೊಂದಾಗಿ ಹಿಡಿದು ತಂದರು. ಯಾರೂ ತುಟಿ ಬಿಚ್ಚಲಿಲ್ಲ. ಬೋಧಕ ಅದನ್ನು ಶೋಧನೆ, ದೇವರು ಒಡ್ಡಿದ ಪರೀಕ್ಷೆ ಎಂದುಕೊಂಡ. ‘ಇಲ್ಲಿಯ ಜನ ಪ್ರೇರಣೆಗೆ ಎಷ್ಟು ವಿಧೇಯರು ಗೊತ್ತೇ’ ಎಂದು ಊರಿಗೆ ಕಾಗದ ಬರೆದ.

ಅದು ಗಾಳಿಯ ತಿಂಗಳು. ದೋಣಿಗಳೆಲ್ಲ ದಡದ ಮೇಲೆ ಬೋರಲಾಗಿ ಮಲಗಿದ್ದವು. ಒಂದು ಬೆಳಿಗ್ಗೆ, ಬೆಳಕು ಹರಿಯುವಾಗಲೇ, ನಡುಗಡ್ಡೆಯಿಂದ ಒಬ್ಬ ಹೆಂಗಸು ಕೆಸರುಗಾಲಲ್ಲಿ ಓಡಿ ಬಂದಳು. ಅವಳ ತಂದೆ ಕೊನೆಯುಸಿರಿನಲ್ಲಿದ್ದ. ಆ ನಡುಗಡ್ಡೆಯಲ್ಲಿ ಮೊದಲು ದೀಕ್ಷಾಸ್ನಾನ ಪಡೆದವನು ಅವನೇ. ಕಣ್ಣು ಮುಚ್ಚುವ ಮೊದಲು ಬೋಧಕನ ಕೈಯಿಂದ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಬೇಕೆಂದು ಕೇಳಿದ್ದ.

ಬೋಧಕ ಹೊರಗಿನ ಕೆಸರಿನ ಬಯಲನ್ನು ನೋಡಿದ. ನಡುಗಡ್ಡೆಗೆ ಅವನು ದೋಣಿಯಲ್ಲಿ ಹೋದವನೇ ಹೊರತು ನಡೆದು ದಾಟಿದವನಲ್ಲ. ಆ ಬಯಲನ್ನು ಕಂಡರೆ ಅವನಿಗೆ ಒಳಗೊಳಗೇ ಭಯ. ಆದರೆ ಭಯ ಎಂದು ಹೇಳುವುದುಂಟೇ? ‘ನಿಲ್ಲಮ್ಮ, ಅಪ್ಪಣೆಯಾಗದೆ ನಾನು ಹೆಜ್ಜೆ ಎತ್ತುವುದಿಲ್ಲ’ ಎಂದು ಒಳಗೆ ಹೋಗಿ ಮೊಣಕಾಲೂರಿದ. ಹೆಂಗಸು ಬಾಗಿಲಲ್ಲೇ ನಿಂತಳು. ಒಮ್ಮೆ ಅವನ ಬೆನ್ನು ನೋಡಿದಳು, ಒಮ್ಮೆ ಬಯಲನ್ನು ನೋಡಿದಳು. ಏನೂ ಹೇಳಲಿಲ್ಲ.

ಅವನು ಪ್ರಾರ್ಥಿಸಿದ. ಒಳಗೆ ಏನೂ ಅಲುಗಲಿಲ್ಲ. ಇನ್ನೂ ಪ್ರಾರ್ಥಿಸಿದ. ಬಿಸಿಲು ಕಿಟಕಿಯಿಂದ ಇಳಿದು ಅವನ ಕೈ ಮೇಲೆ ಬಂತು. ಆಗ ಕೇಳಿಸಿತು, ಸ್ಪಷ್ಟವಾಗಿ: ಹೋಗು. ಭಯ ಹಾರಿಹೋಯಿತು. ರೊಟ್ಟಿಯನ್ನೂ ದ್ರಾಕ್ಷಾರಸದ ಕುಪ್ಪಿಯನ್ನೂ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಎದ್ದ. ಹಾಸಿಗೆಯ ಪಕ್ಕ ಕೀರ್ತನೆ ಹಾಡಲು ಸಭೆಯವರು ಆರು ಮಂದಿ ಜೊತೆಗೆ ಹೊರಟರು. ಅವರಲ್ಲೊಬ್ಬಳ ಬೆನ್ನಿಗೆ ಹಸುಗೂಸು ಕಟ್ಟಿತ್ತು.

ದಡದಲ್ಲಿ ಚಿಪ್ಪುಮೀನು ಆಯುವ ಒಬ್ಬ ಮುದುಕಿ ಸರಿಯಾಗಿ ದಾರಿಗೆ ಅಡ್ಡ ಕೂತಿದ್ದಳು. ಪಕ್ಕದಲ್ಲಿ ತಗಡಿನ ಬುಟ್ಟಿ, ಕೆಸರು ಕೆದಕುವ ಕೋಲು. ಅವಳು ಸಭೆಗೆ ಸೇರಿದವಳಲ್ಲ.

“ಬನ್ನಿ ಅಯ್ಯಾ, ಕೂತುಕೊಳ್ಳಿ. ಚಿಪ್ಪು ಬೇಯಿಸುತ್ತೇನೆ, ತಿಂದು ಹೋಗುವಿರಂತೆ.”

“ತಿನ್ನುವ ಹೊತ್ತೇ ಇದು, ಅಜ್ಜಿ? ಹೋಗು ಎಂದು ನನಗೆ ಅಪ್ಪಣೆಯಾಗಿದೆ.”

“ಹೋಗು ಅಂದವರು ಎಷ್ಟು ಹೊತ್ತಿಗೆ ಅಂತ ಹೇಳಿದರೋ?”

ಹಿಂದಿದ್ದವರು ಬಾಯಿಗೆ ಕೈ ಅಡ್ಡ ಹಿಡಿದರು. ಬೋಧಕನ ಕಿವಿ ಬಿಸಿಯಾಯಿತು. ‘ಕತ್ತಲಲ್ಲಿರುವ ಜೀವ, ಇದಕ್ಕೇನು ಗೊತ್ತು’ ಎಂದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಅವಳನ್ನು ಬಳಸಿ ಕೆಸರಿಗೆ ಇಳಿದ. “ಹಾಡಿ!” ಎಂದ. ಕರೆಯಲು ಬಂದ ಹೆಂಗಸೂ ಸೇರಿ ಏಳೂ ಮಂದಿ ಹಾಡುತ್ತ ಅವನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ಬಂದರು.

ಒಂದು ಕೂಗಳತೆ ನಡೆದ. ಕೆಸರು ಪಾದ ನುಂಗಿತು. ಇನ್ನಷ್ಟು ನಡೆದ. ಕೆಸರು ಮೀನಖಂಡಕ್ಕೆ ಬಂತು. ಸಣ್ಣಗೆ ಅಳುಕು ಹುಟ್ಟಿದಾಗಲೆಲ್ಲ ಅವನು ಹಿಂದಿನ ಹಾಡಿಗೆ ಕಿವಿಗೊಡುತ್ತಿದ್ದ. ಈ ಕೆಸರಿನಲ್ಲೇ ಹುಟ್ಟಿ ಬೆಳೆದವರು ಬರುತ್ತಿದ್ದಾರಲ್ಲ, ಹಾಗಾದರೆ ದಾರಿ ಸರಿಯಿದೆ. ಹೀಗೆ ಅಂದುಕೊಂಡು ಅವನು ಬಯಲಿನ ನಟ್ಟನಡುವಿಗೆ ಬಂದ.

ಅಲ್ಲಿ ಕಾಲಿಗೆ ತಣ್ಣಗೆ ಏನೋ ಸೋಕಿತು.

ಎದುರಿಗೆ ನೋಡಿದ. ಸಮುದ್ರ ಇನ್ನೂ ದೂರದಲ್ಲಿ ಬೆಳ್ಳಿಯ ಗೆರೆಯಂತಿತ್ತು. ನೀರು ಎದುರಿನಿಂದ ಬಂದಿರಲಿಲ್ಲ. ಬಯಲಿನ ತಗ್ಗುಗಳಲ್ಲಿ ನುಸುಳಿ, ಸದ್ದಿಲ್ಲದೆ ಅವರನ್ನು ದಾಟಿ, ಬೆನ್ನ ಹಿಂದೆ ತುಂಬಿಕೊಳ್ಳುತ್ತಿತ್ತು. ಅವರು ದಾಟಿ ಬಂದಿದ್ದ ಒಣ ತೋಡು ಈಗ ಹೊಳೆ.

ಅವನು ನಿಂತ. ಹಾಡು ನಿಂತಿತು. ಕಣ್ಣು ಮುಚ್ಚಿ ಒಳಗೆ ಕಿವಿಗೊಟ್ಟ. ಬೆಳಿಗ್ಗೆ ಅಷ್ಟು ಸ್ಪಷ್ಟವಾಗಿದ್ದ ದನಿ ಈಗ ಇಲ್ಲ. ನೀರು ಮೊಣಕಾಲಿಗೆ ಬಂತು. ‘ಮಾತಾಡು ಸ್ವಾಮೀ’ ಎಂದು ಮನಸ್ಸಿನಲ್ಲೇ ಅಂಗಲಾಚಿದ. ಇಲ್ಲ. ಕಣ್ಣು ಬಿಟ್ಟು ತಿರುಗಿದ. ಏಳು ಮಂದಿಯೂ ಅವನ ಹೆಜ್ಜೆಗಳಲ್ಲೇ ಕಾಲು ಹೂತು ನಿಂತಿದ್ದರು. ಕೂಸು ಅಳುತ್ತಿತ್ತು.

“ದಾರಿ ಎಲ್ಲಿ?” ಎಂದ.

ನಡುಗಡ್ಡೆಯ ಹೆಂಗಸು ಬೆಚ್ಚಿದಳು. “ನಿಮಗೆ ಗೊತ್ತಿಲ್ಲವೇ?”

“ನೀವೆಲ್ಲ ನನ್ನ ಹಿಂದೆ ಬಂದಿರಲ್ಲ. ಅದಕ್ಕೇ ಸರಿಯಿದೆ ಅಂದುಕೊಂಡೆ!”

“ನೀವು ಮುಂದೆ ಹೋದಿರಲ್ಲ ಅಯ್ಯಾ. ಅದಕ್ಕೇ ಸರಿಯಿದೆ ಅಂದುಕೊಂಡೆವು. ದೇವರ ಜನರಿಗೆ ಸಮುದ್ರ ಸೀಳಿ ದಾರಿ ಬಿಟ್ಟ ಬೈಬಲಿನ ಕತೆ ಹೋದ ವಾರ ನೀವೇ ಹೇಳಿದಿರಿ. ಇವತ್ತೂ ಬಿಡುತ್ತದೇನೋ ಅಂತ...”

ಹಾಡಿಲ್ಲದ ಆ ಹೊತ್ತಿನಲ್ಲಿ ಬೋಧಕನಿಗೆ ದಡದ ಕಡೆಯಿಂದ ಒಂದು ಸದ್ದು ಕೇಳಿಸಿತು. ಟಣ್, ಟಣ್, ಟಣ್.

“ಅದೇನು?”

“ಅಜ್ಜಿ ತಗಡು ಬಡಿಯುತ್ತಿದ್ದಾಳೆ. ದಾರಿ ತಪ್ಪಿದವರನ್ನು ಚಿಪ್ಪಿನವರು ಹೀಗೇ ಕರೆಯೋದು.”

“ಯಾವಾಗಿನಿಂದ?”

“ನಾವು ಇಳಿದಾಗಿನಿಂದ. ಹಾಡಿನಲ್ಲಿ ನಿಮಗೆ ಕೇಳಿಸಲಿಲ್ಲ.”

ಅವನು ಪಕ್ಕಕ್ಕೆ ಸರಿದ. “ನೀನು ಮುಂದೆ ನಡೆ ತಾಯಿ” ಎಂದ. ಅವಳು ಹಿಂಜರಿದಳು. “ಬೇಡಿಕೊಳ್ಳುತ್ತೇನೆ, ನಡೆ.” ಆಗ ಅವಳು ಮುಂದೆ ಬಂದಳು. ಸದ್ದು ಎಲ್ಲಿಂದ ಬರುತ್ತಿತ್ತೋ ಅತ್ತ ತಿರುಗಿದರು. ತೋಡಿಗೆ ಬರುವಾಗ ನೀರು ಎದೆಯ ಮಟ್ಟ. ಒಬ್ಬರ ಸೊಂಟ ಒಬ್ಬರು ಹಿಡಿದರು. ಕೂಸು ತಲೆಯಿಂದ ತಲೆಗೆ ದಾಟಿತು. ಬೋಧಕ ಚೀಲವನ್ನು ಎತ್ತಿ ಹಿಡಿದಿದ್ದ. ಕೂಸು ತನ್ನ ಕೈಗೆ ಬಂದಾಗ ಚೀಲವನ್ನು ಹಲ್ಲಲ್ಲಿ ಕಚ್ಚಿಕೊಂಡ. ಚಪ್ಪಲಿ ಯಾವಾಗ ಹೋದವೋ ಗೊತ್ತಾಗಲಿಲ್ಲ. ಮುದುಕಿ ಸೊಂಟಮಟ್ಟದ ನೀರಲ್ಲಿ ನಿಂತು ಇನ್ನೂ ಬಡಿಯುತ್ತಿದ್ದಳು. ಕೊನೆಯವನ ಕೈ ತನ್ನ ಕೋಲಿಗೆ ಸಿಕ್ಕಿದ ಮೇಲೆಯೇ ಅವಳು ಬುಟ್ಟಿ ಇಳಿಸಿದ್ದು.

“ಈಗಲಾದರೂ ಚಿಪ್ಪು ತಿನ್ನುತ್ತೀರೋ?” ಎಂದಳು.

ಅವನು ತಿಂದ.

ಸಂಜೆ ಬಿಸಿಲು ಇಳಿಯುವಾಗ ನೀರು ಮತ್ತೆ ಸರಿಯಿತು. ಮುದುಕಿ ಎದ್ದು, ಯಾರನ್ನೂ ಕೇಳದೆ, ಕೋಲೂರುತ್ತ ಮುಂದೆ ನಡೆದಳು. ಬೋಧಕ ಅವಳ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟ. ಯಾರೂ ಹಾಡಲಿಲ್ಲ.

ಗುಡಿಸಲು ತಲುಪಿದಾಗ ಮುದುಕ ಹೋಗಿ ಹೊತ್ತಾಗಿತ್ತು. ನಡುಹಗಲಿನವರೆಗೂ ಬಾಗಿಲ ಕಡೆ ನೋಡುತ್ತಿದ್ದನಂತೆ. ತಲೆಯ ಹತ್ತಿರ ಒಂದು ಬಟ್ಟಲು, ತೊಳೆದು ಬೋರಲು ಹಾಕಿದ್ದು, ಹಾಗೆಯೇ ಇತ್ತು.

ಬೋಧಕ ಅದರ ಮುಂದೆ ಚೀಲವಿಟ್ಟು ಕೂತ. ಆಮೇಲೆ ಹೆಂಗಸಿನ ಕಡೆ ತಿರುಗಿದ.

“ಬೆಳಿಗ್ಗೆ ನೀನು ನನ್ನ ಬಾಗಿಲಿಗೆ ಬಂದಾಗ ನೀರು ಎಲ್ಲಿತ್ತು?”

“ದೂರ ಇತ್ತು ಅಯ್ಯಾ.”

“ನಾನು ಒಳಗಿದ್ದಾಗ?”

“ಆಗಲೂ ದೂರ ಇತ್ತು. ನೀವು ಏಳುವ ಹೊತ್ತಿಗೆ ತಿರುಗಿತು.”

“ಯಾಕಮ್ಮ ಹೇಳಲಿಲ್ಲ?”

ಅವಳು ಬಟ್ಟಲನ್ನು ಕೈಗೆತ್ತಿಕೊಂಡಳು. “ನೀವು ಕೇಳಲಿಲ್ಲ” ಎಂದಳು.

ಕತೆ ಅಷ್ಟೇ. ತಿಯೋಫಿಲ ಅಯ್ಯನವರು ದಾರವನ್ನು ಹಲ್ಲಿನಿಂದ ಕಡಿದು, ಕನ್ನಡಕ ಹಾಕಿಕೊಂಡು, ಮೊದಲ ಸಲ ಶಿಷ್ಯನ ಮುಖ ನೋಡಿದರು.

ಸುಕುಮಾರನ ಚಡಪಡಿಕೆ ಕಡಿಮೆಯಾಗಿರಲಿಲ್ಲ. ಅವನು ಮುಂದಕ್ಕೆ ಬಾಗಿ ಒಂದರ ಮೇಲೊಂದು ಕೇಳಿದ. ಹಾಗಾದರೆ ಆ ‘ಹೋಗು’ ಎಂದ ದನಿ ದೇವರದ್ದಲ್ಲವೇ? ಬೋಧಕನ ಭಯವೇ ಹಾಗೆ ಮಾತಾಡಿತೇ? ಆಮೇಲೆ ಅವನು ಸೇವೆಯಲ್ಲಿ ಉಳಿದನೇ? ಮತ್ತೆ ಅವನಿಗೆ ಪ್ರೇರಣೆ ಬಂತೇ?

ಅಯ್ಯನವರು ಎಲ್ಲವನ್ನೂ ಕೇಳಿಸಿಕೊಂಡರು.

“ಒಂಬತ್ತು ಜೀವ ಉಳಿಸಿದ ಆ ಮುದುಕಿಯ ಹೆಸರೇನು ಎಂದು ನೀನೂ ಕೇಳಲಿಲ್ಲವಲ್ಲ, ಸುಕುಮಾರ.”