ಕುದುರೆ ಮೂರು ಕಾಲ ಮೇಲೆ ನಿಂತು ನಿದ್ದೆ ಮಾಡುವುದು ಯಾಕೆ

ಅದರ ಕಾಲಿಗೆ ಮುಳ್ಳು ಚುಚ್ಚಿಲ್ಲ ರೇಣವ್ವಾ, ಅದು ಕುಂಟೂ ಅಲ್ಲ. ಅಳುಮೋರೆ ಮಾಡಬೇಡ. ಈ ದಿಬ್ಬದ ಮೇಲೆ ಕೂತು ಚೆನ್ನಾಗಿ ನೋಡು. ಹೊಳೆಯ ನಡುಗಡ್ಡೆಯಲ್ಲಿ ಹದಿನೆಂಟು ಕಾಡು ಕುದುರೆ ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿವೆ. ಹತ್ತೊಂಬತ್ತನೆಯದು ಮಾತ್ರ ಒಂದು ಹಿಂಗಾಲು ಮಡಚಿ, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿದೆ.

ಯಾಕೆ ಅಂತ ಕೇಳಿದೆಯಲ್ಲ, ಹೇಳುತ್ತೇನೆ. ನೀನು ಕೂತಿರು, ನಿನ್ನ ಅಜ್ಜಿ ಈ ಕೋಲು ಊರಿಕೊಂಡು ನಿಂತೇ ಹೇಳುತ್ತಾಳೆ. ನಡುವೆ ಬಾಯಿ ಹಾಕಿದೆಯೋ, ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ ನೋಡು!

ಲೋಕಕ್ಕೆ ಆಗಷ್ಟೇ ಬಣ್ಣ ಬಳಿದಿದ್ದರು. ಆಕಾಶ ಮುಟ್ಟಿದರೆ ನೀಲಿ ಕೈಗೆ ಅಂಟುತ್ತಿತ್ತು. ಗುಡ್ಡಗಳಿಗೆ ಎಲ್ಲಿ ಕೂರಬೇಕು ಅಂತ ಇನ್ನೂ ಗೊತ್ತಿರಲಿಲ್ಲ. ಗಾಳಿ, ಹೊಳೆ, ಹುಲ್ಲು ಎಲ್ಲಕ್ಕೂ ಬಾಯಿ ಇತ್ತು. ಬಾಯಿ ಅಂದರೆ ಅಂತಿಂಥ ಬಾಯಲ್ಲ, ನಿನ್ನಂಥದೇ.

ಆಗ ಕುದುರೆಗಳೆಲ್ಲ ಮೊದಲ ಊರಿನ ಲಾಯದಲ್ಲಿದ್ದವು. ಊರಿನವರು ಹೊತ್ತುಹೊತ್ತಿಗೆ ಹುರುಳಿ ಬೇಯಿಸಿ ಹಾಕುತ್ತಿದ್ದರು. ಬಾಗಿಲಲ್ಲಿ ಕಾವಲುಗಾರ ನಿಂತಿರುತ್ತಿದ್ದ. ಕುದುರೆಗಳು ಹೊಟ್ಟೆ ತುಂಬ ತಿಂದು, ಎಲ್ಲವೂ ಒಟ್ಟಿಗೇ ಕಾಲು ಚಾಚಿ ಮಲಗುತ್ತಿದ್ದವು.

ಹುರುಳಿಯೇನೋ ಚೆನ್ನಾಗಿತ್ತು. ಆದರೆ ಹಗ್ಗ? ಕೊರಳಿಗೂ ಹಗ್ಗ, ಕಾಲಿಗೂ ಹಗ್ಗ. ಒಂದು ದಿನ ಗಾಳಿ ಲಾಯದ ಕಿಟಕಿಯಲ್ಲಿ ಇಣುಕಿ, "ನಡುಗಡ್ಡೆಯಲ್ಲಿ ಹುಲ್ಲು ಸೊಂಟದುದ್ದ ಬೆಳೆದಿದೆ, ತಿನ್ನುವವರೇ ದಿಕ್ಕಿಲ್ಲ" ಅಂದಿತು. ಅಷ್ಟು ಸಾಕಾಯಿತು. ಕಂದಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ ಹಗ್ಗ ಕಚ್ಚಿ ಹರಿಯಿತು. ಉಳಿದವೂ ಹರಿದವು. ದಡದಡ ಓಡಿ, ತುಂಬಿದ ಹೊಳೆ ಈಜಿ, ಇದೇ ನಡುಗಡ್ಡೆ ಹತ್ತಿದವು. ಅವತ್ತಿನಿಂದ ಅವು ಕಾಡು ಕುದುರೆಗಳಾದವು.

ಆದರೆ ಲಾಯದ ಅಭ್ಯಾಸ ಬಿಡಬೇಕಲ್ಲ! ಬೇಸಿಗೆ ಬಂತು, ಹೊಳೆಯ ನೀರು ಮೊಣಕಾಲಿಗಿಳಿಯಿತು. ಮಟಮಟ ಮಧ್ಯಾಹ್ನ ಎಲ್ಲವೂ ಒಟ್ಟಿಗೇ ಮಲಗಿ ಗೊರಕೆ ಹೊಡೆದವು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅಂತಲೇ ಅವುಗಳ ನಂಬಿಕೆ. ಎಲ್ಲಿಯ ಬಾಗಿಲು, ಎಲ್ಲಿಯ ಕಾವಲುಗಾರ? ತೋಳ ನೀರು ದಾಟಿ ಬಂತು, ಒಂದು ಮರಿ ಹೋಯಿತು. ಮರುದಿನವೂ ಒಟ್ಟಿಗೇ ಮಲಗಿದವು. ಮತ್ತೆ ತೋಳ ಬಂತು, ಮತ್ತೊಂದು ಮರಿ ಹೋಯಿತು. ಖೋಡಿಗಳು! ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ಉಳಿದದ್ದು ಏಳೇ ದೊಡ್ಡ ಕುದುರೆ, ಒಂದೇ ಒಂದು ಮರಿ. ಅದು ಕಂದಿಯ ಮರಿ, ಹುಟ್ಟಿ ಇನ್ನೂ ಮೂರು ದಿನ. ಅದೂ ಹೋದರೆ ಕಾಡು ಕುದುರೆಯ ಸಂತಾನವೇ ಅಲ್ಲಿಗೆ ಮುಗಿಯಿತು.

ಕಂದಿ ಆ ಮೂರು ದಿನವೂ ಕಣ್ಣು ಮುಚ್ಚಿರಲಿಲ್ಲ. ತೂರಾಡುತ್ತ ಹೊಳೆಯ ಹತ್ತಿರ ಹೋಗಿ ಕೇಳಿತು: "ಹೊಳೆಯವ್ವಾ, ಒಂದು ಗಳಿಗೆ ಮಲಗುತ್ತೇನೆ, ನನ್ನ ಮರಿ ಕಾಯುತ್ತೀಯಾ?"

"ಕಾಯಬಹುದಿತ್ತು ತಾಯಿ, ಆದರೆ ನಿಲ್ಲಲು ನನಗೆ ಬರುವುದಿಲ್ಲ" ಅನ್ನುತ್ತ ಹೊಳೆ ಮುಂದಕ್ಕೆ ಹರಿದೇ ಹೋಯಿತು.

ಗಾಳಿಯನ್ನು ಕೇಳಿತು. "ನಿಲ್ಲಲು ನನಗೂ ಬರುವುದಿಲ್ಲ" ಅಂದ ಗಾಳಿ ಆಗಲೇ ಗುಡ್ಡದಾಚೆ ಇತ್ತು.

ಹುಲ್ಲನ್ನು ಕೇಳಿತು. "ನಿಲ್ಲಲು ನನಗೆ ಬರುತ್ತದೆ. ಆದರೆ ತೋಳ ಬಂದರೆ ಸರಸರ ಅನ್ನುತ್ತೇನೆ ಅಷ್ಟೇ, ಜೋರಾಗಿ ಕೂಗಲು ಗಂಟಲಿಲ್ಲ" ಅಂದಿತು ಹುಲ್ಲು, ಪಾಪ.

ಆಗ ಕಂದಿ ತಲೆಯೆತ್ತಿ ಆಚೆ ದಂಡೆಯತ್ತ ನೋಡಿತು. ಅಲ್ಲಿ ಕುರಿ ಕಾಯುವ ಬೀರವ್ವ ನಿಂತಿದ್ದಳು. ಕುರಿಗಳೆಲ್ಲ ಮಲಗಿದ್ದವು. ಬೀರವ್ವ ಕಂಬಳಿ ಹೆಗಲಿಗೆ ಹಾಕಿ, ಕೋಲಿಗೆ ಮೈ ಆನಿಸಿ, ಒಂದು ಕಾಲೆತ್ತಿ ಇನ್ನೊಂದರ ಮೊಣಕಾಲಿಗೆ ಕೊಟ್ಟು ಕಣ್ಣು ಮುಚ್ಚಿದ್ದಳು. ತೋಳ ಪೊದೆಯಿಂದ ಮೂತಿ ಹೊರಹಾಕಿತು. ಬೀರವ್ವನ ಒಂದು ಕಣ್ಣು ತೆರೆಯಿತು. "ಹೋಯ್!" ಅಂದಳು. ತೋಳ ಪರಾರಿ!

"ಅಬ್ಬಾ, ಇವಳಿಗೆ ನಿದ್ದೆಯೂ ಆಯಿತು, ಕಾವಲೂ ಆಯಿತು!" ಅಂದುಕೊಂಡ ಕಂದಿ, ಮರಿಯನ್ನು ಕರೆದುಕೊಂಡು ನೀರು ದಾಟಿತು.

"ಬೀರವ್ವಾ, ನನ್ನ ಮರಿ ಉಳಿಸು. ಆದರೆ ನಮಗೆ ಹಗ್ಗ ಮಾತ್ರ ಹಾಕಬೇಡ."

ಬೀರವ್ವ ನಕ್ಕಳು. "ನನ್ನ ಕುರಿಗೇ ಹಗ್ಗ ಹಾಕಿಲ್ಲ, ನಿನಗ್ಯಾಕ ಹಾಕಲಿ? ಮೊದಲ ನೀ ಮಲಗು, ನಾ ನಿಂತಿರ್ತೀನಿ. ಎದ್ದ ಮ್ಯಾಲೆ ನಿಲ್ಲೂದು ಕಲಸ್ತೀನಿ."

ಕಂದಿ ಬಿದ್ದಲ್ಲೇ ಮಲಗಿತು. ಎದ್ದಾಗ ಸೂರ್ಯ ಗುಡ್ಡದ ಮೇಲಿದ್ದ. ಮರಿ ಬೀರವ್ವನ ಕಂಬಳಿ ಚೀಪುತ್ತ ಅವಳ ಪಕ್ಕದಲ್ಲೇ ಇತ್ತು. ಕಂದಿಯ ಎದೆ ತುಂಬಿ ಬಂತು.

"ಈಗ ಒಂದು ಕಾಲು ಮಡಚು" ಅಂದಳು ಬೀರವ್ವ.

ಕಂದಿ ಮುಂಗಾಲು ಮಡಚಿತು, ಮೂಗು ನೆಲಕ್ಕೆ ಬಡಿಯಿತು. ಎರಡೂ ಹಿಂಗಾಲು ಮಡಚಿತು, ದೊಪ್ಪಂತ ಕೂತೇಬಿಟ್ಟಿತು. ಮರಿಗೆ ನಗುವೋ ನಗು.

"ನನಗೆ ಕೋಲಿಲ್ಲವಲ್ಲ ಬೀರವ್ವಾ!"

"ನನಗಿರೂವು ಎರಡ ಕಾಲು, ಅದಕ್ಕ ಕೋಲು ಬೇಕು. ನಿನಗ ನಾಲ್ಕದಾವಲ್ಲ! ಒಂದು ಹಿಂಗಾಲಿಗೆ ವಿಶ್ರಾಂತಿ ಕೊಡು, ಮೂರರ ಮ್ಯಾಲೆ ನಿಲ್ಲು. ಆ ಕಾಲು ದಣಿದರ ಈ ಕಾಲು. ಕಣ್ಣು ಮುಚ್ಚು, ಕಿವಿ ಮಾತ್ರ ತೆರೆದಿಡು."

ಈ ಸಲ ಕಂದಿ ನಿಂತಿತು. ನಿಂತೇ ತೂಕಡಿಸಿತು.

ಮರುದಿನ ಮಧ್ಯಾಹ್ನ ನಡುಗಡ್ಡೆಯಲ್ಲಿ ಆರು ಕುದುರೆ ಮಲಗಿದವು, ಮರಿಯೂ ಮಲಗಿತು. ಕಂದಿ ಮೂರು ಕಾಲ ಮೇಲೆ ನಿಂತು ಕಣ್ಣು ಮುಚ್ಚಿತು. ತೋಳ ಬಂತು. 'ನಿಂತದ್ದಕ್ಕೂ ನಿದ್ದೆ!' ಅಂತ ಬಾಲ ಅಲ್ಲಾಡಿಸಿತು. ಹುಲ್ಲು ಸರಸರ ಅಂದಿತು. ಕಂದಿಯ ಕಿವಿ ತಿರುಗಿತು, ಕಣ್ಣು ತೆರೆಯಿತು. ಅದು ಕೆನೆದ ಸದ್ದಿಗೆ ಆರೂ ಕುದುರೆ ಒಟ್ಟಿಗೆ ಎದ್ದವು. ಏಳು ಕುದುರೆ, ಹದಿನಾಲ್ಕು ಹಿಂಗಾಲು! ಒದೆ ತಿಂದ ತೋಳ ನೀರು ಎಷ್ಟಿದೆ ಅಂತಲೂ ನೋಡದೆ ಹೊಳೆಗೆ ಹಾರಿತು.

ಆಮೇಲೆ ಕಂದಿ ಮಲಗಿತು, ಇನ್ನೊಂದು ನಿಂತಿತು. ಅದು ಮಲಗಿತು, ಮತ್ತೊಂದು ನಿಂತಿತು. ಕಂದಿಯ ಮರಿ ದೊಡ್ಡದಾಗಿ, ಅದಕ್ಕೂ ಮರಿಗಳಾದವು. ಬೀರವ್ವ ತನ್ನ ಮಕ್ಕಳಿಗೆ ಹೇಳಿದಳು: "ಅವು ಒಳಗಿಂದ ಕಾಯಲಿ, ನಾವು ದಂಡ್ಯಾಗಿಂದ ಕಾಯೋಣ."

ತಿಳಿಯಿತೇನವ್ವಾ? ನಾನು ಈ ಕೋಲು ಹಿಡಿದಾಗ ಇಲ್ಲಿ ಒಂಬತ್ತೇ ಕುದುರೆ ಇದ್ದವು. ಹಗ್ಗ ತಂದವರನ್ನು ಓಡಿಸಿದೆ, ಬೇಟೆನಾಯಿ ತಂದವರನ್ನು ಓಡಿಸಿದೆ. ಈಗ ಹತ್ತೊಂಬತ್ತಿವೆ. ಮುಂದಿನ ಮಳೆಗಾಲಕ್ಕೆ ಇಪ್ಪತ್ತೆರಡಾಗುತ್ತವೆ, ಮೂರು ಬಸುರಿ ಇವೆ, ನಾನು ನೋಡಿದ್ದೇನೆ.

ಏಳು ಈಗ. ನನ್ನ ಮೊಣಕಾಲು ನೋಯುತ್ತಿದೆ, ನಾನು ಸ್ವಲ್ಪ ಮಲಗುತ್ತೇನೆ. ಕೋಲು ಹಿಡಿ. ಹಾಗಲ್ಲ, ಮೈ ಅದಕ್ಕೆ ಆನಿಸು. ಹಾಂ, ಈಗ ಒಂದು ಕಾಲೆತ್ತು, ಭಲೇ!

ಬೀರವ್ವ ಅವತ್ತು ನಿಲ್ಲುವುದು ಕಲಿಸಿದ್ದಕ್ಕೇ, ಇವತ್ತಿಗೂ ಅಲ್ಲೊಂದು ಕುದುರೆ ಮೂರು ಕಾಲ ಮೇಲೆ ನಿಂತಿದೆ, ಇಲ್ಲಿ ನೀನು ಒಂಟಿ ಕಾಲ ಮೇಲೆ ನಿಂತಿದ್ದೀ, ಉಳಿದವರೆಲ್ಲ ಹೆದರಿಕೆಯಿಲ್ಲದೆ ಮಲಗಿದ್ದೇವೆ.