ಖಾಲಿ ಖಜಾನೆಗೆ ಬಂಗಾರದ ಬಾಗಿಲು

ಕೇಳಿದ್ದು ಒಂದು ಲಕ್ಷ ವರಹ ಸಾಲ. ಗಡುವು ಮೂರು ದಿನ. ಕೊಡದಿದ್ದರೆ ಪೇಟೆಯ ಅಂಗಡಿಗಳಿಗೆಲ್ಲ ಅರಮನೆಯ ಬೀಗ.

ಹಂಸಗಿರಿಯ ದೊರೆ ರಂಗಭೂಪನಿಗೆ ಖಜಾನೆಗೊಂದು ಬಂಗಾರದ ಬಾಗಿಲು ಬೇಕಾಗಿತ್ತು. ಒಳಗೆ ಇಲಿಗಳ ದರ್ಬಾರು. ಸಿಪಾಯಿಗಳು ಸಂಬಳ ಕಂಡು ಐದು ತಿಂಗಳಾಗಿತ್ತು. ಕೆರೆಯ ಏರಿ ಬಿರಿದು ಎರಡು ಮಳೆಗಾಲ ಕಳೆದಿತ್ತು. ಆದರೂ ಬಾಗಿಲು ಮಾತ್ರ ಬಂಗಾರದ್ದೇ ಆಗಬೇಕು.

"ಬಾಗಿಲು ನೋಡಿದವರು ಒಳಗೇನಿದೆ ಅಂತ ಕೇಳೋದಿಲ್ಲ," ಎಂದು ಬೊಕ್ಕಸದ ಮಂತ್ರಿ ಗೋಪಣ್ಣಯ್ಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಪೇಟೆಯವರ ಸಾಲ ಒಂಬತ್ತು ಲಕ್ಷ ಇದೆ, ನಿಜ. ಒಂದು ವರ್ಷವಾದರೂ ಬಡ್ಡಿ ತಪ್ಪಿಸಿದ್ದೇವೆಯೇ?"

"ಎಲ್ಲಾದರೂ ಉಂಟೇ ಸ್ವಾಮಿ!" ಎಂದ ವರ್ತಕರ ಮುಖ್ಯಸ್ಥ ಅಡಿವೆಪ್ಪಶೆಟ್ಟಿ. ಸಭೆಯಲ್ಲಿ ಅವನಿಗೂ ಒಂದು ಪೀಠವಿತ್ತು. "ವರ್ಷವರ್ಷವೂ ನಮ್ಮಿಂದ ಹೊಸ ಸಾಲ ತಗೊಂಡು ನಮಗೇ ಬಡ್ಡಿ ಕೊಡ್ತೀರಿ. ನಮ್ಮ ಹಸುವಿನ ಹಾಲು ನಮಗೇ ಕುಡಿಸಿ, ಉಪಕಾರ ನೆನೆಯಿರಿ ಅಂತೀರಿ."

"ನಾಲಿಗೆ ಸಾಕು ಶೆಟ್ಟಿ!" ದೊರೆ ಗುಡುಗಿದ. "ಕೊಡ್ತೀಯೋ, ಬೀಗ ಹಾಕಿಸಲೋ?"

"ಕೊಡ್ತೀವಿ ಮಹಾಪ್ರಭು. ಪೇಟೆಯ ಪದ್ಧತಿಯಂತೆ ಕೊಡ್ತೀವಿ. ಅಷ್ಟಕ್ಕೆ ಅಪ್ಪಣೆಯಾಗಲಿ."

"ಯಾವ ಪದ್ಧತಿಯಾದರೇನು, ಹಣ ಬಂದರಾಯಿತು. ಸಭೆಯೆದುರು ಮಾತು ಕೊಟ್ಟೆ, ಹೋಗು."

ಮೂರನೆಯ ದಿನ ದೊರೆ ಹಣ ಹೊರಲು ಎರಡು ಆನೆ, ಊದಲು ನಾಲ್ಕು ಕಹಳೆ ಕಟ್ಟಿಕೊಂಡು ಪೇಟೆಗೆ ಬಂದ. ಶೆಟ್ಟಿಯ ಅಂಗಡಿಯ ಮುಂದೆ ಜಮಖಾನ ಹಾಸಿತ್ತು. ಮೇಲೆ ಹತ್ತು ಚೀಲ; ಒಂದೊಂದರಲ್ಲೂ ಹತ್ತು ಸಾವಿರ. ದೊರೆ ಸಾಲಪತ್ರಕ್ಕೆ ಮುದ್ರೆ ಒತ್ತಿದ. ಗೋಪಣ್ಣಯ್ಯ ಕೈ ಚಾಚಿದ.

"ತಾಳಿ ಸ್ವಾಮಿ. ಸಾಲ ಕೊಡುವಾಗಲೇ ವರ್ಷದ ಬಡ್ಡಿ ಮುರಿದುಕೊಳ್ಳೋದು ಪೇಟೆಯ ಪದ್ಧತಿ. ಸೊಪ್ಪು ಮಾರೋ ಮುದುಕಿಗೂ ಅದೇ, ದೊರೆಗೂ ಅದೇ. ನೂರಕ್ಕೆ ಹತ್ತು." ಶೆಟ್ಟಿ ಒಂದು ಚೀಲವನ್ನು ಒಳಕ್ಕೆಳೆದುಕೊಂಡ.

"ಸರಿ, ಉಳಿದ ಒಂಬತ್ತು ಕೊಡು," ಎಂದ ಗೋಪಣ್ಣಯ್ಯ.

"ಹಳೇ ಬಾಕಿ ತೀರದೆ ಹೊಸ ಹಣ ಅಂಗಡಿ ದಾಟುವ ಹಾಗಿಲ್ಲ, ಅದೂ ಪದ್ಧತಿಯೇ. ಹಿಂದಿನ ಒಂಬತ್ತು ಲಕ್ಷಕ್ಕೆ ಈ ವರ್ಷದ ಬಡ್ಡಿ ತೊಂಬತ್ತು ಸಾವಿರ."

ಒಂದಾದ ಮೇಲೊಂದು ಒಂಬತ್ತು ಚೀಲವೂ ಒಳಗೆ ಹೋದವು. ಜಮಖಾನದ ಮೇಲೆ ಆನೆಗಳ ನೆರಳು ಮಾತ್ರ ಉಳಿಯಿತು.

"ನನ್ನ ಲಕ್ಷ ಎಲ್ಲಯ್ಯಾ?"

"ಕೊಟ್ಟಾಯಿತಲ್ಲ ಪ್ರಭು, ತಮ್ಮ ಮುದ್ರೆಯೇ ಇದೆ. ಇನ್ನು ನಾಣ್ಯ ಎಣಿಸಿದವರ ಕೂಲಿ, ಎರಡು ವರಹ, ಅದು ತಮ್ಮಿಂದ ಬರಬೇಕು."

ದೊರೆ ಮಂತ್ರಿಯ ಮುಖ ನೋಡಿದ. ಮಂತ್ರಿ ಸೊಂಟ ತಡವಿಕೊಂಡು ಆನೆಯ ಮುಖ ನೋಡಿದ.

"ಸಂಕೋಚ ಬೇಡಿ," ಎಂದ ಶೆಟ್ಟಿ. "ಅದಕ್ಕೂ ಸಾಲ ಕೊಡ್ತೀನಿ. ಬಡ್ಡಿ ಮಾತ್ರ ಈಗಲೇ ಇಡಬೇಕು!"

ಪೇಟೆಗೆ ಪೇಟೆಯೇ ನಕ್ಕಿತು. ಮಾತು ಕೊಟ್ಟಿದ್ದ ದೊರೆ ನಗದೆ ಏನು ಮಾಡಿಯಾನು? "ಬೇಡಪ್ಪಾ ನಿನ್ನ ಸಾಲ!" ಎಂದು ಪತ್ರ ಹರಿದ. ಗೋಪಣ್ಣಯ್ಯನನ್ನೂ ಆನೆಗಳನ್ನೂ ಕೆರೆ ಏರಿಗೆ ಮಣ್ಣು ಹೊರಲು ಅಟ್ಟಿದ. ತನ್ನ ಹೆಗಲ ಜರತಾರಿ ಶಾಲು ತೆಗೆದು ಶೆಟ್ಟಿಗೆ ಹೊದಿಸಿದ.

ಪೇಟೆಗೆ ಉಳಿದದ್ದು ಲಕ್ಷ ವರಹ. ಶೆಟ್ಟಿಗೆ ದಕ್ಕಿದ್ದು ಶಾಲು. ಮರುದಿನ ಒರೆಗೆ ಹಚ್ಚಿ ನೋಡಿದರೆ ಜರಿಯೆಲ್ಲ ತಾಮ್ರ. ಮಾರಿದಾಗ ಮುಕ್ಕಾಲು ವರಹ ಬಂತು.